ಗವಿಮಠದ ಬಂಡೆ ಮತ್ತು ನಮ್ಮ ಫೋಟೋಗಳು

ನಮ್ಮ ಬೇವೂರು ಕಡೆ ಮಂದಿಗೆ ಕೊಪ್ಪಳದ ಗವಿಮಠ ಅಂದ್ರೆ ಜಾತ್ರೆ, ತೇರು, ದಾಸೋಹ. ನನ್ನಂಥ ಸಾಫ್ಟ್‌ವೇರ್ ಮನುಷ್ಯನಿಗೆ ಅಲ್ಲಿ ನೋಡೋಕೆ ಇನ್ನೊಂದು ವಸ್ತು ಇದೆ... ಒಂದು ಬ್ಯಾಕಪ್! ಎರಡು ಸಾವಿರ ವರ್ಷಕ್ಕಿಂತ ಹಳೇದು.

ಕ್ರಿ.ಪೂ. ಮೂರನೇ ಶತಮಾನದಲ್ಲಿ ಅಶೋಕ ಒಂದು ಪುಟ್ಟ ಸಂದೇಶ ಹೊರಡಿಸಿದ. ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯ್ತು, ಮೊದಲು ಅಷ್ಟೇನೂ ಶ್ರಮ ಪಡಲಿಲ್ಲ, ಆಮೇಲೆ ಪಟ್ಟೆ ಅಂತ ಹೇಳ್ಕೊಳ್ಳೋ ಶಾಸನ ಅದು. ಅದನ್ನ ಒಂದೇ ಕಡೆ ಕೆತ್ತಿಸಿ ಸುಮ್ಮನಾಗಲಿಲ್ಲ. ಗವಿಮಠ, ಪಾಲ್ಕಿಗುಂಡು, ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ನಿಟ್ಟೂರು, ಉಡೆಗೋಳಂ... ಬರೀ ಕರ್ನಾಟಕದಲ್ಲೇ ಇಷ್ಟು ಪ್ರತಿಗಳು. ಮಧ್ಯಪ್ರದೇಶದ ರೂಪನಾಥದ ಪ್ರತಿಯಲ್ಲಂತೂ ಇದನ್ನ ಬಂಡೆಗಳ ಮೇಲೆ, ಕಲ್ಲುಕಂಬ ಇದ್ದಲ್ಲೆಲ್ಲ ಕಂಬದ ಮೇಲೆ ಬರೆಸಿ ಅನ್ನೋ ಅಪ್ಪಣೆಯೇ ಇದೆ.

ಇದರ ಲಾಭ ನೋಡಬೇಕಂದ್ರೆ ಕೊಪ್ಪಳ ಒಂದೇ ಸಾಕು. ಪಾಲ್ಕಿಗುಂಡಿನ ಪ್ರತಿ ಬಹಳಷ್ಟು ಸವೆದುಹೋಗಿದೆ. ಅದೇ ಊರಿನ ಗವಿಮಠದ ಪ್ರತಿ ಹೆಚ್ಚುಕಡಿಮೆ ಪೂರ್ತಿ ಓದಲಿಕ್ಕೆ ಬರುತ್ತೆ. 1932ರಲ್ಲಿ ಆರ್. ಎಲ್. ಟರ್ನರ್ ಇವೆರಡನ್ನೂ ಒಟ್ಟಿಗೆ ಪ್ರಕಟಿಸಿದ್ರು. ಪಾಲ್ಕಿಗುಂಡು ಒಂದೇ ಇದ್ದಿದ್ರೆ ನಮ್ಮ ಕೈಗೆ ಚೂರುಪಾರು ಮಾತ್ರ ಸಿಗ್ತಿತ್ತು.

ಈಗ ನಮ್ಮ ಕಾಲಕ್ಕೆ ಬನ್ನಿ. ಇಂಟರ್ನೆಟ್ಟಿನಲ್ಲಿ ನಾವು ಮಾಡಿದ್ದು ಅಶೋಕನ ಉಲ್ಟಾ. ಎಲ್ಲರ ಫೋಟೋನೂ ಒಂದೇ ಬಂಡೆ ಮೇಲೆ, ಅದೂ ಬೇರೆಯವರ ಬಂಡೆ ಮೇಲೆ! 2009ರ ಅಕ್ಟೋಬರ್‌ನಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿತು. 2017ರಲ್ಲಿ ಫೋಟೋಬಕೆಟ್, ಚಿತ್ರ ಬೇರೆ ಪುಟದಲ್ಲಿ ಕಾಣಬೇಕಾದ್ರೆ ವರ್ಷಕ್ಕೆ 399 ಡಾಲರ್ ಕೊಡಿ ಅಂತು. ಲಕ್ಷಾಂತರ ಪುಟಗಳಲ್ಲಿ ಚಿತ್ರದ ಜಾಗ ಖಾಲಿ ಆಯ್ತು. 2019ರಲ್ಲಿ ಫ್ಲಿಕರ್ ಉಚಿತ ಖಾತೆಗಳಲ್ಲಿ 1,000 ದಾಟಿದ ಫೋಟೋಗಳನ್ನ ಅಳಿಸೋಕೆ ಶುರುಮಾಡ್ತು. ಕಂಪನಿಗಳ ಲೆಕ್ಕ ಅವರದು, ಬಿಡಿ. ಆದ್ರೆ ಹೋದದ್ದು ನಮ್ಮದು.

ಒಂದೇ ಕಡೆ ನೆಚ್ಚಿಕೊಳ್ಳಬಾರದು ಅನ್ನೋ ಯೋಚನೆ ಎಂಜಿನಿಯರುಗಳಿಗೂ ಮೊದಲಿನಿಂದ ಇತ್ತು. 2000ದಲ್ಲಿ ಫ್ರೀನೆಟ್, 2001ರಲ್ಲಿ ಬ್ರಾಮ್ ಕೊಹೆನ್‌ರ ಬಿಟ್‌ಟೊರೆಂಟ್, 2015ರಲ್ಲಿ ಹ್ವಾನ್ ಬೆನೆಟ್ ಶುರುಮಾಡಿದ ಐಪಿಎಫ್‌ಎಸ್. ಈ ಕೊನೆಯದರಲ್ಲಿ ಫೋಟೋ ಎಲ್ಲಿದೆ ಅನ್ನೋದು ವಿಳಾಸ ಅಲ್ಲ, ಫೋಟೋದ ಒಳಗಿರೋದನ್ನೇ ಲೆಕ್ಕ ಹಾಕಿ ತೆಗೆದ ಒಂದು ಬೆರಳಚ್ಚು ಅದರ ವಿಳಾಸ. ಯಾರ ಹತ್ರ ಪ್ರತಿ ಇದ್ರೂ ಅದೇ ವಿಳಾಸಕ್ಕೆ ಸಿಗುತ್ತೆ. 2017ರಲ್ಲಿ ಟರ್ಕಿ ಸರ್ಕಾರ ವಿಕಿಪೀಡಿಯ ತಡೆದಾಗ ಟರ್ಕಿಶ್ ವಿಕಿಪೀಡಿಯದ ಪ್ರತಿ ಇದೇ ದಾರಿಯಲ್ಲಿ ಓದುಗರಿಗೆ ಸಿಕ್ಕಿತು. ಸ್ಟೋರ್ಜ್ ಅನ್ನೋದು ಇನ್ನೂ ಮಜಾ. ಫೈಲನ್ನ ಸಂಕೇತಕ್ಕೆ ತಿರುಗಿಸಿ ಹತ್ತಾರು ತುಂಡು ಮಾಡಿ ಬೇರೆ ಬೇರೆ ಕಡೆ ಹಂಚೋದು, ಅವುಗಳಲ್ಲಿ ಯಾವುವಾದ್ರೂ ಒಂದಷ್ಟು ಸಿಕ್ಕರೆ ಪೂರ್ತಿ ಫೈಲ್ ವಾಪಸ್ಸು.

ಹಾಗಂತ ಐಪಿಎಫ್‌ಎಸ್‌ಗೆ ಹಾಕಿದ್ದೆಲ್ಲ ಶಾಶ್ವತ ಅಂದ್ಕೋಬೇಡಿ. ಒಬ್ಬರಾದ್ರೂ ಇದನ್ನ ನಾನು ಇಟ್ಟುಕೊಳ್ತೀನಿ ಅಂತ 'ಪಿನ್' ಮಾಡಿರಬೇಕು. ಯಾರೂ ಇಟ್ಟುಕೊಳ್ಳದಿದ್ರೆ ವಿಳಾಸ ಉಳಿಯುತ್ತೆ, ಫೋಟೋ ಇರೋದಿಲ್ಲ. ಇನ್ನೊಂದು ಮಾತು: ಒಮ್ಮೆ ಹಾಕಿದ್ದನ್ನ ಬೇರೆಯವರು ಇಳಿಸಿಕೊಂಡಿದ್ರೆ ಅಳಿಸೋದು ನಮ್ಮ ಕೈಲಿಲ್ಲ. ಮನೆಮಂದಿಯ ಖಾಸಗಿ ಫೋಟೋಗಳನ್ನ ಬೀಗ ಹಾಕದೆ ಅಲ್ಲಿ ಹಾಕಲೇಬೇಡಿ.

ಕಲ್ಲಿಗೂ ಈ ಬೆರಳಚ್ಚಿಗೂ ಒಂದು ವ್ಯತ್ಯಾಸ ಇದೆ. ಇಲ್ಲಿ ಒಂದು ಚುಕ್ಕೆ ಬದಲಾದ್ರೂ ವಿಳಾಸವೇ ಬೇರೆ. ಕಲ್ಲುಕುಟಿಗರ ಪ್ರತಿಗಳು ಹಾಗಲ್ಲ, ಊರಿಗೊಂದು ಥರ. ಗವಿಮಠದಲ್ಲಿ ಇರೋದು 'ದೇವಾನಾಂಪಿಯ' ಅನ್ನೋ ಬಿರುದು ಮಾತ್ರ. 1915ರಲ್ಲಿ ಸಿಕ್ಕ ಮಸ್ಕಿಯ ಪ್ರತಿಯಲ್ಲಿ ಅದರ ಜೊತೆ 'ಅಶೋಕ' ಅನ್ನೋ ಹೆಸರೂ ಇತ್ತು. ಆ ಒಂದು ಹೆಚ್ಚಿನ ಪದದಿಂದಲೇ ಈ ಶಾಸನಗಳ ರಾಜ ಯಾರು ಅನ್ನೋದು ಖಚಿತವಾಯ್ತು.

ನನ್ನ ಸಲಹೆ ಇಷ್ಟೇ. ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ, ಬೇರೆ ಊರಿನ ಗೆಳೆಯನ ಯಂತ್ರದಲ್ಲಿ ಒಂದು, ದುಡ್ಡು ಕೊಟ್ಟು ಪಿನ್ ಮಾಡಿಸಿದ್ದು ಒಂದು. ಯಾವ ಫೋಟೋದಲ್ಲಿ ಯಾರಿದ್ದಾರೆ, ಯಾವ ವರ್ಷ ಅಂತ ಒಂದು ಸಾಲು ಕನ್ನಡದಲ್ಲಿ ಬರೆದಿಡಿ. ಬೇವೂರಿನಂಥ ಊರಿನ ಮದುವೆ, ಸುಗ್ಗಿ, ಬಿದ್ದುಹೋದ ಮಣ್ಣಿನ ಮಾಳಿಗೆ ಮನೆಗಳ ಫೋಟೋನ ಯಾವ ಮ್ಯೂಸಿಯಮ್ಮೂ ಕೇಳಿಕೊಂಡು ಬರೋದಿಲ್ಲ. ನಾವೇ ಇಟ್ಟುಕೊಳ್ಳಬೇಕು, ಹೌದಲ್ರೀ?

ನಿಮ್ಮ ಫೋಟೋಗಳು ಈಗ ಎಷ್ಟು ಕಡೆ ಇವೆ? ಒಮ್ಮೆ ಎಣಿಸಿ ನೋಡಿ.