ಸೇವಾ ರಿವಾಲ್ವರ್ ಮತ್ತು ಅರೆ-ಸ್ವಯಂಚಾಲಿತ ಪಿಸ್ತೂಲು: ಅಮೆರಿಕದ ಪೊಲೀಸರಲ್ಲಿ

ಇಪ್ಪತ್ತನೆಯ ಶತಮಾನದ ಬಹುಕಾಲ ಅಮೆರಿಕದ ಪೊಲೀಸರ ಸೊಂಟದಲ್ಲಿದ್ದದ್ದು ಆರು ಗುಂಡಿನ ರಿವಾಲ್ವರ್. 1899ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಕಂಪನಿಯ ‘ಮಿಲಿಟರಿ ಅಂಡ್ ಪೊಲೀಸ್’ (ಮುಂದೆ ‘ಮಾಡೆಲ್ 10’) ಅವುಗಳಲ್ಲಿ ಹೆಸರಾದದ್ದು. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲನ್ನು ಅಲ್ಲಿನ ಸೈನ್ಯ 1911ರಲ್ಲೇ ಸ್ವೀಕರಿಸಿತ್ತು. ಪೊಲೀಸರು ಮಾತ್ರ ಬಹಳ ತಡ ಮಾಡಿದರು. 1967ರಲ್ಲಿ ಇಲಿನಾಯ್ ರಾಜ್ಯ ಪೊಲೀಸರು 9 ಎಂಎಂ ಪಿಸ್ತೂಲು ತೆಗೆದುಕೊಂಡದ್ದು ಅಂದಿಗೆ ದೊಡ್ಡ ಹೆಜ್ಜೆ.

ವ್ಯತ್ಯಾಸವಿರುವುದು ಗುಂಡು ನಳಿಕೆಗೆ ಬರುವ ಬಗೆಯಲ್ಲಿ. ರಿವಾಲ್ವರಿನಲ್ಲಿ ಟ್ರಿಗರ್ ಎಳೆಯುವ ಬೆರಳಿನ ಬಲವೇ ಸಿಲಿಂಡರನ್ನು ತಿರುಗಿಸಿ ಮುಂದಿನ ತೋಟಾವನ್ನು ನಳಿಕೆಯ ನೇರಕ್ಕೆ ತರುತ್ತದೆ. ಒಂದು ತೋಟಾ ಠುಸ್ಸಾದರೆ ಮತ್ತೊಮ್ಮೆ ಎಳೆದರೆ ಸಾಕು. ಪಿಸ್ತೂಲಿನಲ್ಲಿ ಹಾರಿದ ಗುಂಡಿನ ಹಿನ್ನೊದೆತವೇ ಸ್ಲೈಡನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಸ್ಲೈಡ್ ಮರಳುವಾಗ ಮ್ಯಾಗಝೀನಿನಿಂದ ಹೊಸದು ಏರುತ್ತದೆ. ಹಿಡಿತ ಸಡಿಲವಾದರೆ ಅಥವಾ ತೋಟಾ ದುರ್ಬಲವಾಗಿದ್ದರೆ ಈ ಕ್ರಮ ನಡುವೆಯೇ ನಿಲ್ಲುತ್ತದೆ. ತರಬೇತಿಯಿದ್ದವರು ಅದನ್ನು ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಸರಿಪಡಿಸಿಕೊಳ್ಳುತ್ತಾರೆ. ಸಿಲಿಂಡರ್ ಕಚ್ಚಿಕೊಂಡ ರಿವಾಲ್ವರಿಗೆ ಎಷ್ಟೋ ಸಲ ಉಪಕರಣಗಳೇ ಬೇಕಾಗುತ್ತವೆ. ಆದ್ದರಿಂದ ‘ರಿವಾಲ್ವರ್ ಕೈಕೊಡುವುದೇ ಇಲ್ಲ’ ಎಂಬ ಮಾತು ಅರ್ಧ ಸತ್ಯ.

ಬದಲಾವಣೆಗೆ ವೇಗ ಕೊಟ್ಟದ್ದು 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗ. ಇಬ್ಬರು ದರೋಡೆಕೋರರ ಎದುರು ಎಫ್‌ಬಿಐನ ಎಂಟು ಮಂದಿಯಿದ್ದರು. ಎಫ್‌ಬಿಐನವರಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಕೈಗೆ ಗುಂಡು ತಗುಲಿದ ಒಬ್ಬ ಅಧಿಕಾರಿಗೆ ರಿವಾಲ್ವರಿಗೆ ಮತ್ತೆ ಗುಂಡು ತುಂಬಲಾಗಲಿಲ್ಲ. ಆದರೂ ಕಾಳಗವನ್ನು ಕೊನೆಗಾಣಿಸಿದ್ದು, ಒಂದು ತೋಳು ನಿಷ್ಕ್ರಿಯವಾಗಿದ್ದ ಎಫ್‌ಬಿಐ ಅಧಿಕಾರಿ ಎಡ್ಮುಂಡೊ ಮಿರೆಲೆಸ್ ಅವರ ಕೈಯಲ್ಲಿದ್ದ ರಿವಾಲ್ವರೇ. ಹಾಗಾಗಿ ಆ ದಿನ ರಿವಾಲ್ವರಿನ ವಿಶ್ವಾಸಾರ್ಹತೆ ಸೋಲಲಿಲ್ಲ, ಅದರ ಗುಂಡಿನ ಎಣಿಕೆ ಮತ್ತು ಮರುತುಂಬುವ ನಿಧಾನ ಸೋತವು ಎನ್ನುವುದೇ ಸರಿ. ಅಷ್ಟರಲ್ಲಿ ಆಸ್ಟ್ರಿಯಾದಿಂದ ಗ್ಲಾಕ್ 17 ಬಂದಿತ್ತು. ಪ್ಲಾಸ್ಟಿಕ್ ಚೌಕಟ್ಟಿನ ಈ ಹಗುರ ಪಿಸ್ತೂಲಿನ ಮ್ಯಾಗಝೀನಿನಲ್ಲಿ 17 ಗುಂಡು.

ಸಾದಾ ಉಡುಪಿನಲ್ಲಿ ದಿನವೂ ಒಯ್ಯುವ ಆಯುಧದ ಲೆಕ್ಕ ಬೇರೆ. 1950ರಲ್ಲಿ ಬಂದ ಐದು ಗುಂಡಿನ ‘ಚೀಫ್ಸ್ ಸ್ಪೆಷಲ್’ ಬಗೆಯ ಗಿಡ್ಡ ರಿವಾಲ್ವರ್ ಜೇಬಿನಲ್ಲಿ ಅಡಗುತ್ತದೆ. ಆದರೆ ಅದರ ಟ್ರಿಗರ್ ಬಿಗಿ, ನಳಿಕೆ ಗಿಡ್ಡ, ಒದೆತ ಚುರುಕು. ಸುಲಭವೆಂದು ಹೊಸಬರಿಗೆ ಅದನ್ನು ಕೊಡುವುದು ತಪ್ಪು. ಅದರಲ್ಲಿ ಗುರಿ ಕುದುರಲು ಹೆಚ್ಚಿನ ಅಭ್ಯಾಸವೇ ಬೇಕು. 2018ರಲ್ಲಿ ಬಂದ ಸಿಗ್ ಪಿ365, ಅಂಥದೇ ಪುಟ್ಟ ಗಾತ್ರದಲ್ಲಿ 10 ಗುಂಡಿನ ಮ್ಯಾಗಝೀನ್ ಕೊಟ್ಟಮೇಲೆ ಗಿಡ್ಡ ರಿವಾಲ್ವರಿನ ಮೇಲುಗೈ ಮತ್ತಷ್ಟು ಕುಗ್ಗಿತು.

ನ್ಯೂಯಾರ್ಕ್ ನಗರದ ಪೊಲೀಸರು 1993ರಲ್ಲಿ ಪಿಸ್ತೂಲಿಗೆ ಹೊರಳಿದಾಗ, ಗ್ಲಾಕಿನ ಟ್ರಿಗರನ್ನು 12 ಪೌಂಡ್ ಬಲಕ್ಕೆ, ಅಂದರೆ ಸುಮಾರು ಐದೂವರೆ ಕಿಲೋಗೆ, ಬಿಗಿಗೊಳಿಸಿದರು. ರಿವಾಲ್ವರಿಗೆ ಒಗ್ಗಿದ ಬೆರಳು ಅರಿವಿಲ್ಲದೆ ಗುಂಡು ಹಾರಿಸಬಾರದೆಂಬುದು ಉದ್ದೇಶ. ಹಳೆಯ ಸಿಬ್ಬಂದಿಗೆ ರಿವಾಲ್ವರ್ ಉಳಿಸಿಕೊಳ್ಳುವ ಅವಕಾಶವಿತ್ತು. ಆ ಅವಕಾಶ 2018ರಲ್ಲಿ ಕೊನೆಗೊಂಡಿತು.