ಕಂಡರೂ ಪ್ರಮಾಣಿಸಿ ನೋಡು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆ ಎತ್ತಿನ ಗಾಡಿಯ ಕಾಲದ್ದು. ವಿಮಾನಯುಗಕ್ಕೆ ಅದು ಇನ್ನೂ ಹೆಚ್ಚಾಗಿ ಸಲ್ಲುತ್ತದೆಂಬುದಕ್ಕೆ ಎರಡು ದಾರುಣ ನಿದರ್ಶನಗಳಿವೆ.

ವಿಮಾನವು ನೆಲಬಿಟ್ಟೇಳಲು ಓಡುವ ಹಾದಿಯೇ ರನ್‌ವೇ. ಅದರ ತುದಿಯಲ್ಲಿ ದೊಡ್ಡದಾಗಿ ಬರೆದ ಅಂಕಿಯು ಬರಿಯ ಗುರುತಲ್ಲ, ದಿಕ್ಕಿನ ಲೆಕ್ಕ. 22 ಎಂದರೆ ದಿಕ್ಸೂಚಿಯಲ್ಲಿ ಸುಮಾರು 220 ಡಿಗ್ರಿ. 26 ಎಂದರೆ ಸುಮಾರು 260. ಹಾದಿಯ ಹೆಸರಿನಲ್ಲಿಯೇ ಅದನ್ನು ಪರೀಕ್ಷಿಸುವ ಉಪಾಯವೂ ಅಡಗಿದೆ.

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಿಲ್ದಾಣದಲ್ಲಿ 2006ರ ಆಗಸ್ಟ್ 27ರಂದು, ಬೆಳಕು ಹರಿಯುವ ಮುನ್ನ, ಕಾಮ್‌ಏರ್ ಸಂಸ್ಥೆಯ ವಿಮಾನವೊಂದಕ್ಕೆ 22ನೆಯ ರನ್‌ವೇಯಿಂದ ಹೊರಡಲು ಅಪ್ಪಣೆಯಾಯಿತು. ಅದರ ಉದ್ದ 7,003 ಅಡಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಆಗ ಮೊದಲು ಸಿಗುತ್ತಿದ್ದುದು 26ನೆಯದು. ಉದ್ದ 3,500 ಅಡಿ ಮಾತ್ರ. ಚಾಲಕರು ತಿರುಗಿದ್ದು ಅದಕ್ಕೆ. ಹಾದಿಯಲ್ಲಿ ದೀಪಗಳಿಲ್ಲದಿರುವುದು ವಿಚಿತ್ರವೆಂದು ಆಡಿಕೊಂಡರೂ ಓಟವನ್ನು ನಿಲ್ಲಿಸಲಿಲ್ಲ. ಗೋಪುರದಲ್ಲಿದ್ದವರು ಒಬ್ಬರೇ ನಿಯಂತ್ರಕರು. ಅಪ್ಪಣೆಯಿತ್ತ ಮೇಲೆ ಅವರು ಕಚೇರಿಯ ಬೇರೊಂದು ಕೆಲಸದತ್ತ ತಿರುಗಿದ್ದರು. 50 ಮಂದಿಯಲ್ಲಿ 49 ಮಂದಿ ಅಸುನೀಗಿದರು. ನಲವತ್ತು ಡಿಗ್ರಿಗಳ ಆ ವ್ಯತ್ಯಾಸವನ್ನು ಹೇಳಬಲ್ಲ ದಿಕ್ಸೂಚಿ ಚಾಲಕರ ಕಣ್ಣೆದುರಿಗೇ ಇತ್ತು.

ಹಾಗಾದರೆ ದಿಕ್ಸೂಚಿಯೊಂದೇ ಸಾಕೆ? ಸಾಲದು. ಅದಕ್ಕೆ ಆರು ವರ್ಷ ಹಿಂದೆ, 2000ದ ಅಕ್ಟೋಬರ್ 31ರ ರಾತ್ರಿ, ತೈವಾನಿನ ತೈಪೆಯಲ್ಲಿ ಚಂಡಮಾರುತದ ಮಳೆ ಸುರಿಯುತ್ತಿತ್ತು. ಸಿಂಗಪುರ ಏರ್‌ಲೈನ್ಸ್‌ನ ವಿಮಾನವು ಎಡದ 05ನೆಯ ರನ್‌ವೇಗೆ ಬದಲಾಗಿ, ದುರಸ್ತಿಗಾಗಿ ಮುಚ್ಚಿದ್ದ ಬಲದ 05ನ್ನು ಹಿಡಿಯಿತು. ಇವೆರಡೂ ಸಮಾನಾಂತರ ಹಾದಿಗಳಾಗಿದ್ದವು. ದಿಕ್ಸೂಚಿಗೆ ಎರಡೂ ಒಂದೇ. ಸರಿಯಾದ ರನ್‌ವೇಯ ಸಂಕೇತ ದೊರೆತಾಗ ಮಾತ್ರ ಚಾಲೂ ಆಗುವ ಉಪಕರಣವೊಂದು ಮುಂದೆ ಸುಮ್ಮನಿತ್ತು. ಹಾದಿ ಕಣ್ಣಿಗೆ ಕಾಣುತ್ತಿದೆಯಲ್ಲಾ ಎಂದು ಚಾಲಕರು ಅದನ್ನು ಲಕ್ಷಿಸಲಿಲ್ಲ. ಮುಚ್ಚಿದ ಹಾದಿಯ ಬಾಯಿಗೆ ಅಡ್ಡಗಟ್ಟೆಯೂ ಇರಲಿಲ್ಲ. ವಿಮಾನ ಕಾಮಗಾರಿಯ ಯಂತ್ರಗಳಿಗೆ ಅಪ್ಪಳಿಸಿತು. 179 ಮಂದಿಯಲ್ಲಿ 83 ಮಂದಿ ಮಡಿದರು.

ಈ ಎರಡೂ ಕಡೆ ಚಾಲಕರು ಅನನುಭವಿಗಳಲ್ಲ. ಮನಸ್ಸು ಮೊದಲೇ ನಿಶ್ಚಯಿಸಿದ್ದನ್ನೇ ಕಣ್ಣು ಕಂಡಿತು. ಆದುದರಿಂದಲೇ ಲೆಕ್ಸಿಂಗ್ಟನ್ನಿನ ತನಿಖೆಯ ಬಳಿಕ ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯು, ರನ್‌ವೇಯ ಗೆರೆ ದಾಟುವ ಮೊದಲು ತಾವಿರುವ ಸ್ಥಳ ಯಾವುದೆಂದು ಚಾಲಕಕೋಣೆಯಲ್ಲಿರುವವರೆಲ್ಲರೂ ಪರಸ್ಪರ ಖಚಿತಪಡಿಸಿಕೊಳ್ಳಬೇಕೆಂದು ಶಿಫಾರಸು ಮಾಡಿತು. ವಿಮಾನ ಸಮೀಪಿಸಿದ ರನ್‌ವೇಯ ಅಂಕಿಯನ್ನು ಧ್ವನಿಯಲ್ಲಿ ಸಾರುವ ಯಂತ್ರಗಳೂ ಬಂದಿವೆ. ತಪ್ಪಿದವನನ್ನು ದೂರುವುದು ಸುಲಭ. ಒಬ್ಬನ ಕಣ್ಣು ತಪ್ಪಿದಾಗ ಇನ್ನೊಬ್ಬನ ಮಾತು, ಅದೂ ತಪ್ಪಿದರೆ ಯಂತ್ರದ ಧ್ವನಿ, ಅದೂ ಇಲ್ಲದಿದ್ದರೆ ನೆಲದ ಮೇಲೊಂದು ಅಡ್ಡಗಟ್ಟೆ ಇರುವಂತೆ ಏರ್ಪಡಿಸುವುದು ಕಷ್ಟ. ಆ ಕಷ್ಟವನ್ನು ಕೈಗೊಂಡಲ್ಲಿ ಮಾತ್ರ ಪ್ರಯಾಣಿಕನ ಪ್ರಾಣಕ್ಕೆ ರಕ್ಷಣೆಯುಂಟು.