ಪಿತ್ತಗಂಧೆ ಮತ್ತು ಮನೆಮದ್ದು

ಪಿತ್ತಗಂಧೆ: ಚರ್ಮದ ಮೇಲೆ ಇದ್ದಕ್ಕಿದ್ದಂತೆ ಏಳುವ, ವಿಪರೀತ ತುರಿಸುವ ದದ್ದು. ಅಲರ್ಜಿ, ಸೋಂಕು ಅಥವಾ ಔಷಧಿಯ ಪ್ರಭಾವದಿಂದ ಚರ್ಮದ ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುವುದರಿಂದ ಬರುತ್ತದೆ. ಜನ ಪಿತ್ತ ಕೆದರಿತೆನ್ನುತ್ತಾರೆ. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಸೇರಿದಂತೆ ಬಯಲುಸೀಮೆಯಲ್ಲಿ ದೊಡ್ಡಪತ್ರೆ ರಸ ಹಚ್ಚಿ ಕರಿಕಂಬಳಿ ಹೊದಿಸುವುದು ರೂಢಿ. ಒಂದೊಂದು ಗಂಧೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿ ಇಳಿಯುವುದರಿಂದ ಗುಣವಾದ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಆದರೆ ಒರಟು ಉಣ್ಣೆಯ ತಿಕ್ಕಾಟ, ಕಾವು ಎರಡೂ ತುರಿಕೆ ಹೆಚ್ಚಿಸಬಲ್ಲವು. ಹಿಸ್ಟಮಿನ್ ತಡೆಯುವ ಸೆಟಿರಿಜಿನ್‌ನಂಥ ಮಾತ್ರೆ ವೈದ್ಯರ ಮೊದಲ ಆಯ್ಕೆ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಎಲೆ ಅರೆಯುತ್ತ ಕೂರಬಾರದು. 108 ಆಂಬುಲೆನ್ಸ್‌ಗೆ ಕರೆ ಮಾಡಿ, ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ತಕ್ಷಣ ಸಿಗುವಂತೆ ಮಾಡಬೇಕು.